ಲೀಸ್ ಹಣವೂ ಹಿಲ್ಫುಲ್ ಫುದೂಲ್ ಒಪ್ಪಂದವೂ

(ಉತ್ತರ ಬೆಂಗಳೂರಿನ ಮಸೀದಿಯೊಂದರಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 



ಅನ್ನಹ್ಲ್ ಅಧ್ಯಾಯದ 80ನೆಯ ಸೂಕ್ತದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳ ನಡುವೆ ಮನೆಯನ್ನು ಹೆಸರಿಸುತ್ತಾನೆ. ಅಲ್ಲಿ ಬರುವ 'ಸಕನ್' ಎಂಬ ಪದದಲ್ಲಿ ವಾಸದ ಅರ್ಥವೂ ಇದೆ, ನೆಮ್ಮದಿಯ ಅರ್ಥವೂ ಇದೆ. ಅದೇ ಸೂಕ್ತದಲ್ಲಿ ಪ್ರಯಾಣಿಕರು ಹೊತ್ತೊಯ್ಯುವ ಚರ್ಮದ ಡೇರೆಗಳ ಪ್ರಸ್ತಾಪವೂ ಬರುತ್ತದೆ. ಅಂದರೆ ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ಬದುಕುವವರ ಮನೆಯೂ ಅಲ್ಲಾಹನ ಲೆಕ್ಕದಲ್ಲಿ ಮನೆಯೇ.

ನಮ್ಮ ಸಫ್‌ಗಳಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಬಾಡಿಗೆ ಮನೆಯವರು. ದಾವಣಗೆರೆ, ಕೋಲಾರ, ಹಾಸನ, ಕರಾವಳಿ ಕಡೆಯಿಂದ ದುಡಿಮೆಗಾಗಿ ಬಂದವರು. ಆರ್.ಟಿ. ನಗರ, ಹೆಬ್ಬಾಳ, ಥಣಿಸಂದ್ರ, ಯಲಹಂಕ, ಯಶವಂತಪುರ ಎಂದು ಎರಡು ಮೂರು ವರ್ಷಕ್ಕೊಮ್ಮೆ ಟೆಂಪೋಗೆ ಸಾಮಾನು ಹೇರುವವರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ದಿಕ್ಕಿನ ನೆಲದ ಬೆಲೆ ಏರಿತು, ಅದರ ಜೊತೆಗೆ ಬಾಡಿಗೆಯೂ ಏರಿತು. ನಾಗವಾರದ ಮಾನ್ಯತಾ ಪಾರ್ಕ್‌ನ ಒಡೆತನದ ಪಾಲು ಇಂದು ಷೇರುಪೇಟೆಯಲ್ಲಿ ಕೊಂಡು ಮಾರುವ ಸರಕಾಗಿದೆ. ಅದನ್ನು ಹೊಂದಿರುವ ಎಂಬೆಸಿ ಹೂಡಿಕೆ ಟ್ರಸ್ಟ್ 2019ರ ಏಪ್ರಿಲ್‌ನಲ್ಲಿ ಪೇಟೆಗೆ ಬಂತು. ಆ ಬಗೆಯದರಲ್ಲಿ ಅದು ದೇಶಕ್ಕೇ ಮೊದಲನೆಯದು. ಅದು ಕಚೇರಿಗಳ ಮಾತಾಯಿತು. ನಮ್ಮಂಥವರ ಮನೆಗಳಿಗೆ ಕಂಪನಿ ಬಂದಿರುವುದು ಇನ್ನೊಂದು ಬಾಗಿಲಿನಿಂದ. ಇಂದು ಆ ಬಾಗಿಲಿನ ಬಗ್ಗೆ ಮಾತಾಡೋಣ.

ಬೆಂಗಳೂರಿನಲ್ಲಿ ಲೀಸ್ ಅಥವಾ ಭೋಗ್ಯ ಎಂದರೇನೆಂದು ನಿಮಗೆಲ್ಲ ಗೊತ್ತು. ಒಂದು ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡೋ ಮೂರೋ ವರ್ಷ ಇದ್ದು, ಬಿಡುವಾಗ ಆ ಮೊತ್ತ ವಾಪಸ್ ಪಡೆಯುವುದು. ಮೊದಲೆಲ್ಲ ಇದು ಮನೆ ಮಾಲೀಕ ಮತ್ತು ಬಾಡಿಗೆದಾರ ಇಬ್ಬರ ನಡುವೆ ನಡೆಯುತ್ತಿತ್ತು. ಕಳೆದ ಕೆಲವು ವರ್ಷಗಳಲ್ಲಿ ಮಧ್ಯೆ ಕಂಪನಿಗಳು ಬಂದು ಕುಳಿತಿವೆ. ಅವು ಮಾಲೀಕರಿಗೆ, 'ನಿಮ್ಮ ಮನೆ ನಮಗೆ ಕೊಡಿ, ತಿಂಗಳು ತಿಂಗಳು ತಪ್ಪದೆ ಬಾಡಿಗೆ ಹಾಕುತ್ತೇವೆ, ತಲೆನೋವು ನಮಗಿರಲಿ' ಎನ್ನುತ್ತವೆ. ಬಾಡಿಗೆದಾರನಿಗೆ, 'ಲೀಸ್ ಮೊತ್ತ ನಮ್ಮ ಖಾತೆಗೆ ಹಾಕಿ, ನೆಮ್ಮದಿಯಾಗಿರಿ' ಎನ್ನುತ್ತವೆ. ಕೆಲವು ತಿಂಗಳು ಮಾಲೀಕನ ಖಾತೆಗೆ ಬಾಡಿಗೆ ಬೀಳುತ್ತದೆ. ಒಂದು ತಿಂಗಳು ಬೀಳುವುದಿಲ್ಲ. ಮುಂದಿನ ತಿಂಗಳು ಫೋನ್ ಎತ್ತುವುದಿಲ್ಲ. ಆಮೇಲೆ ಮಾಲೀಕ ಬಂದು ಬಾಗಿಲು ಬಡಿಯುತ್ತಾನೆ: 'ಬಾಡಿಗೆ ಕೊಡಿ, ಇಲ್ಲವಾದರೆ ಮನೆ ಖಾಲಿ ಮಾಡಿ.' ಒಳಗಿರುವವನು ಹೇಳುತ್ತಾನೆ: 'ನಾನು ಹತ್ತು ಲಕ್ಷ ಕೊಟ್ಟಿದ್ದೇನೆ!' ಹೊರಗಿರುವವನು ಹೇಳುತ್ತಾನೆ: 'ನನಗೆ ಒಂದು ರೂಪಾಯಿ ಬಂದಿಲ್ಲ!' ಇಬ್ಬರದೂ ನಿಜ. ಇಂಥ ಪ್ರಕರಣಗಳು ಈ ನಗರದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ.

ಇದರ ಲೆಕ್ಕವನ್ನು ಒಮ್ಮೆ ಕೂತು ಹಾಕಿ ನೋಡಿ. ಉದಾಹರಣೆಗೆ, ಮನೆಯ ಬಾಡಿಗೆ ತಿಂಗಳಿಗೆ 20,000 ಎಂದಿಟ್ಟುಕೊಳ್ಳಿ. ಕಂಪನಿ ನಿಮ್ಮಿಂದ 12 ಲಕ್ಷ ಪಡೆದು ಎರಡು ವರ್ಷದ ಮಾತು ಕೊಡುತ್ತದೆ. ಆ ಎರಡು ವರ್ಷದಲ್ಲಿ ಅದು ಮಾಲೀಕನಿಗೆ ಕೊಡಬೇಕಾದದ್ದು 4 ಲಕ್ಷ 80 ಸಾವಿರ. ಕೊನೆಗೆ ನಿಮ್ಮ 12 ಲಕ್ಷವನ್ನು ಪೂರ್ತಿ ವಾಪಸ್ ಕೊಡಬೇಕು. ಅಂದರೆ ನಿಮ್ಮ ಹಣದ ಮೇಲೆ ವರ್ಷಕ್ಕೆ ನೂರಕ್ಕೆ ಇಪ್ಪತ್ತರಂತೆ ದುಡಿಯಬೇಕು, ಅದೂ ಒಂದು ತಿಂಗಳೂ ತಪ್ಪದೆ. ತನ್ನ ಕಚೇರಿಯ ಖರ್ಚು, ನೌಕರರ ಸಂಬಳ, ಜಾಹೀರಾತು, ಎಲ್ಲ ಅದರ ಮೇಲೆ. ಯಾವ ಪ್ರಾಮಾಣಿಕ ವ್ಯಾಪಾರ ಇಂಥ ಲಾಭವನ್ನು ಖಾತರಿಯಾಗಿ ಕೊಡುತ್ತದೆ? ಯಶವಂತಪುರದ ಯಾರ್ಡ್‌ನಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಸಹೋದರರು ಇಲ್ಲಿದ್ದಾರೆ, ಅವರನ್ನೇ ಕೇಳಿ. ಹಾಗಾದರೆ ಹಣ ಎಲ್ಲಿಂದ ಬರುತ್ತದೆ? ನಾಳೆ ಬರುವ ಹೊಸ ಬಾಡಿಗೆದಾರನ ಲೀಸ್ ಮೊತ್ತದಿಂದ ಇಂದಿನ ಮಾಲೀಕನ ಬಾಡಿಗೆ ಕಟ್ಟುತ್ತಾರೆ. ಹೊಸಬರು ಬರುವುದು ನಿಂತ ದಿನ ಎಲ್ಲವೂ ಬೀಳುತ್ತದೆ. 2019ರಲ್ಲಿ ಐಎಂಎ ಬಿದ್ದಾಗ ಶಿವಾಜಿನಗರದ ಬೀದಿಯಲ್ಲಿ ಸಾಲುಗಟ್ಟಿ ನಿಂತ ನಮ್ಮ ತಾಯಂದಿರನ್ನು ನೆನಪಿಸಿಕೊಳ್ಳಿ. ಅಲ್ಲಿ ಹಲಾಲ್ ಎಂಬ ಪದ ಮಾರಾಟವಾಯಿತು, ಇಲ್ಲಿ ಸೂರು ಎಂಬ ಪದ ಮಾರಾಟವಾಗುತ್ತಿದೆ.

ಇಲ್ಲಿ ಶರೀಅತ್‌ನ ಪ್ರಶ್ನೆಯೂ ಇದೆ. ಕೊಟ್ಟ ಮೊತ್ತ ಪೂರ್ತಿ ವಾಪಸ್ ಬರುವುದಾದರೆ ಅದು ಸಾಲ. ಸಾಲದ ಮೇಲೆ ಬಾಡಿಗೆಯಿಲ್ಲದ ವಾಸ ಸಿಗುವುದಾದರೆ ಅದು ಸಾಲದಿಂದ ಬಂದ ಲಾಭ. ಆದ್ದರಿಂದ ಬಾಡಿಗೆಯೇ ಇಲ್ಲದ ಲೀಸ್ ಸರಿಯಲ್ಲವೆಂದು ಬಹುಪಾಲು ಉಲಮಾಗಳು ಹೇಳುತ್ತಾರೆ. ಹೊಸದಾಗಿ ಲೀಸ್‌ಗೆ ಹೋಗುವ ಯೋಚನೆಯಲ್ಲಿರುವವರು ಮೊದಲು ಬಲ್ಲ ಮುಫ್ತಿಗಳನ್ನು ಕೇಳಿ. ಆದರೆ ಒಂದು ಮಾತು. ಹಣ ಕಳೆದುಕೊಂಡು ಕೂತವನ ಮುಂದೆ ನಿಂತು, 'ಬಡ್ಡಿ ವ್ಯವಹಾರ ಮಾಡಿದೆ, ಅದಕ್ಕೇ ಹೀಗಾಯಿತು' ಎನ್ನುವ ಹಕ್ಕು ನಮಗಾರಿಗೂ ಇಲ್ಲ. ಈ ಮಾತು ಈಗಾಗಲೇ ಕೆಲವು ನಾಲಿಗೆಗಳಿಂದ ಬಂದಿದೆ. ಅವನ ವ್ಯವಹಾರದಲ್ಲಿ ದೋಷವಿದ್ದರೂ ಅವನ ಮೂಲಧನ ಅವನದೇ. ಅಲ್‌ಬಕರಃ ಅಧ್ಯಾಯದ 279ನೆಯ ಸೂಕ್ತ ಬಡ್ಡಿಯನ್ನು ಅಷ್ಟು ಕಟುವಾಗಿ ಖಂಡಿಸಿದ ನಂತರವೂ ಮೂಲಧನದ ಹಕ್ಕನ್ನು ಉಳಿಸಿಕೊಟ್ಟಿದೆ.

ನಮ್ಮ ಕುಟುಂಬಗಳೇ ಏಕೆ ಇಷ್ಟು ಮಂದಿ ಈ ಕಂಪನಿಗಳ ಕಡೆ ಹೋದವು? ಕಾರಣ ಎಲ್ಲರಿಗೂ ಗೊತ್ತು, ಹೇಳಲು ಬೇಸರ. 'ಟು ಲೆಟ್' ಬೋರ್ಡ್ ನೋಡಿ ಫೋನ್ ಮಾಡುತ್ತೇವೆ. ಹೆಸರು ಹೇಳುವವರೆಗೆ ಮನೆ ಖಾಲಿ ಇರುತ್ತದೆ. ಹೆಸರು ಹೇಳಿದ ಮೇಲೆ 'ನಿನ್ನೆ ತಾನೇ ಕೊಟ್ಟುಬಿಟ್ಟೆವು' ಎಂಬ ಉತ್ತರ. ಕಂಪನಿ ಮಾತ್ರ ಹೆಸರು ಕೇಳುವುದಿಲ್ಲ, ಅಡುಗೆಮನೆಯಲ್ಲಿ ಏನು ಬೇಯುತ್ತದೆಂದೂ ಕೇಳುವುದಿಲ್ಲ. ಹಣ ಯಾವಾಗ ಹಾಕುತ್ತೀರಿ ಎಂದಷ್ಟೇ ಕೇಳುತ್ತದೆ. ಹತ್ತು ಬಾಗಿಲಲ್ಲಿ ಅವಮಾನವಾದವನಿಗೆ ಹನ್ನೊಂದನೆಯ ಬಾಗಿಲಲ್ಲಿ ಕಂಡ ನಗುಮುಖ ಮರ್ಯಾದೆಯಂತೆ ಕಾಣುತ್ತದೆ. ಅವನು ಕಾಗದ ಓದದೆ ಸಹಿ ಹಾಕಿದ್ದರೆ ಆಶ್ಚರ್ಯವೇನು?

ಸಹೋದರರೇ, ಈಗ ಮಕ್ಕಾದ ಒಂದು ಘಟನೆಗೆ ಬರೋಣ. ಪ್ರವಾದಿವರ್ಯರಿಗೆ(ಸ) ಆಗ ಸುಮಾರು ಇಪ್ಪತ್ತು ವರ್ಷ, ಪ್ರವಾದಿತ್ವ ಇನ್ನೂ ದೂರವಿತ್ತು. ಯಮನ್ ದೇಶದ ಝಬೀದ್‌ನಿಂದ ಬಂದ ವ್ಯಾಪಾರಿಯೊಬ್ಬ ಮಕ್ಕಾದ ಶ್ರೀಮಂತ ಆಸ್ ಬಿನ್ ವಾಇಲ್‌ಗೆ ಸರಕು ಮಾರಿದ. ಆಸ್ ಸರಕು ಪಡೆದು ಹಣ ಕೊಡಲಿಲ್ಲ. ಪರವೂರಿನವನು, ಕೇಳುವವರು ಯಾರಿದ್ದಾರೆ ಎಂಬ ಧೈರ್ಯ. ವ್ಯಾಪಾರಿ ಮೊದಲು ಆಸ್‌ನ ಮಿತ್ರ ಗೋತ್ರಗಳ ಬಳಿ ಹೋದ. ಅವರು ಗದರಿಸಿ ಕಳುಹಿಸಿದರು. ಕೊನೆಗೆ ಅವನು ಅಬೂ ಕುಬೈಸ್ ಬೆಟ್ಟವನ್ನೇರಿ, ಕಅಬಾದ ಸುತ್ತ ಜನ ಕೂತಿದ್ದ ಹೊತ್ತಿನಲ್ಲಿ, ತನಗಾದ ಅನ್ಯಾಯವನ್ನು ಕೂಗಿ ಹೇಳಿದ. ಪ್ರವಾದಿವರ್ಯರ ದೊಡ್ಡಪ್ಪ ಝುಬೈರ್ ಎದ್ದು ನಿಂತರು. ಹಾಶಿಮ್, ಮುತ್ತಲಿಬ್, ಅಸದ್, ಝುಹ್ರಾ, ತೈಮ್ ಗೋತ್ರಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿದರು. ಅನ್ಯಾಯಕ್ಕೊಳಗಾದವನು ಊರಿನವನಾಗಲಿ ಪರವೂರಿನವನಾಗಲಿ, ಅವನ ಹಕ್ಕು ಅವನ ಕೈಸೇರುವವರೆಗೆ ಒಂದಾಗಿ ನಿಲ್ಲುವುದಾಗಿ ಒಪ್ಪಂದ ಮಾಡಿಕೊಂಡರು. ನೇರವಾಗಿ ಆಸ್‌ನ ಬಳಿ ಹೋಗಿ ವ್ಯಾಪಾರಿಗೆ ಸೇರಬೇಕಾದದ್ದನ್ನು ಕೊಡಿಸಿದರು. ಇದೇ ಹಿಲ್ಫುಲ್ ಫುದೂಲ್. ಆ ಸಭೆಯಲ್ಲಿ ನಮ್ಮ ಪ್ರವಾದಿ(ಸ) ಇದ್ದರು. ಇಸ್ಲಾಮ್ ಬಂದ ನಂತರವೂ ಅಂಥದ್ದಕ್ಕೆ ಕರೆ ಬಂದರೆ ತಾನು ಓಗೊಡುವುದಾಗಿ ಅವರು ಹೇಳಿದ್ದು ಸೀರತ್ ಗ್ರಂಥಗಳಲ್ಲಿದೆ.

ಈ ಘಟನೆಯಲ್ಲಿ ಗಮನಿಸಬೇಕಾದ ಎರಡು ವಿಷಯಗಳಿವೆ. ಸಭೆ ಸೇರಿದವರು ಮುಸ್ಲಿಮರಾಗಿರಲಿಲ್ಲ, ಇಸ್ಲಾಮ್ ಆಗ ಬಂದೇ ಇರಲಿಲ್ಲ. ಆದ್ದರಿಂದ ಲೀಸ್ ಕಂಪನಿಯಿಂದ ಮೋಸಹೋದ ನಿಮ್ಮ ಎದುರು ಮನೆಯ ಮಂಜುನಾಥನೋ ಮೇಲಿನ ಮನೆಯ ಮೇರಿಯೋ ಇದ್ದರೆ, ಅವರನ್ನು ಬಿಟ್ಟು ನಮ್ಮವರಷ್ಟೇ ಗುಂಪು ಕಟ್ಟುವುದು ಸುನ್ನತ್‌ಗೆ ಹೊಂದುವುದಿಲ್ಲ. ಇನ್ನೊಂದು, ಮೋಸ ಮಾಡಿದ ಆಸ್ ಕುರೈಶಿ. ಅವನ ವಿರುದ್ಧ ಎದ್ದು ನಿಂತವರೂ ಕುರೈಶಿಗಳೇ. 'ಅವನು ನಮ್ಮವನಲ್ಲವೇ, ಸುಮ್ಮನಿರೋಣ, ಸಮುದಾಯದ ಹೆಸರು ಕೆಡುತ್ತದೆ' ಎಂದು ಅವರು ಹೇಳಲಿಲ್ಲ. ವಿಸಿಟಿಂಗ್ ಕಾರ್ಡ್ ಮೇಲೆ ಬಿಸ್ಮಿಲ್ಲಾ ಅಚ್ಚು ಹಾಕಿಸಿಕೊಂಡವನು ಮೋಸ ಮಾಡಿದರೆ, ಅವನನ್ನು ಮರೆಮಾಚುವುದರಿಂದಲೇ ಸಮುದಾಯದ ಹೆಸರು ಕೆಡುವುದು.

ಒಂದಾಗಿ ನಿಲ್ಲುವುದರಲ್ಲಿ ಬರಿಯ ಧೈರ್ಯದ ಮಾತಿಲ್ಲ, ಕಾನೂನಿನ ಮಾತೂ ಇದೆ. ಒಬ್ಬನೇ ಠಾಣೆಗೆ ಹೋದರೆ, 'ಇದು ನಿಮ್ಮಿಬ್ಬರ ಕರಾರಿನ ಜಗಳ, ಸಿವಿಲ್ ಕೋರ್ಟ್‌ಗೆ ಹೋಗಿ' ಎಂಬ ಉತ್ತರ ಸಿಗುವುದು ಸುಲಭ. ಅದೇ ಕಂಪನಿಗೆ ಹಣ ಕೊಟ್ಟ ನಲವತ್ತು ಕುಟುಂಬಗಳು ತಮ್ಮ ಕರಾರು, ಹಣ ಹಾಕಿದ ದಿನಾಂಕ, ಮಾಲೀಕನಿಗೆ ಬಾಡಿಗೆ ನಿಂತ ತಿಂಗಳು, ಇವನ್ನೆಲ್ಲ ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ ಕೊಂಡೊಯ್ದರೆ ಚಿತ್ರ ಬೇರೆಯಾಗುತ್ತದೆ. ಹಳೆಯ ಮಾಲೀಕರಿಗೆ ಬಾಡಿಗೆ ನಿಲ್ಲಿಸಿದ ಮೇಲೂ ಹೊಸಬರಿಂದ ಹಣ ಪಡೆಯುತ್ತಲೇ ಇದ್ದರು ಎಂಬುದು ಆ ಹಾಳೆಯಲ್ಲಿ ಎದ್ದು ಕಾಣುತ್ತದೆ. ವಂಚನೆಯ ಉದ್ದೇಶವಿತ್ತು ಎಂಬುದಕ್ಕೆ ಅದು ಸಾಕ್ಷಿ. ಒಬ್ಬನ ಕಾಗದದಲ್ಲಿ ಅದು ಕಾಣುವುದಿಲ್ಲ. ಮನೆ ಮಾಲೀಕರನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಬೇಕು. ಕಂಪನಿಗೆ ಬೇಕಿರುವುದು ನೀವು ಮತ್ತು ಮಾಲೀಕ ಮೆಟ್ಟಿಲ ಮೇಲೆ ನಿಂತು ಕಿತ್ತಾಡುವುದು. ನೀವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ದೂರು ಬರೆಸಿದರೆ ಅದರ ಲೆಕ್ಕ ತಪ್ಪುತ್ತದೆ.

ಸರ್ಕಾರದ ಕಾಯ್ದೆ ನಮ್ಮನ್ನು ಕಾಯುವುದಿಲ್ಲವೇ ಎಂದು ಕೇಳಬಹುದು. ಕರ್ನಾಟಕ ಬಾಡಿಗೆ ಕಾಯ್ದೆ 1999 ಎಂಬುದೊಂದಿದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಂದು 3,500ಕ್ಕೆ ಯಲಹಂಕದಲ್ಲಿ ಒಂದು ಕೋಣೆ ಹುಡುಕಿ ನೋಡಿ. ಉಳಿದವರೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತೇವೆ. ಅದರ ಪ್ರಕಾರ ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆದಾರನಿಗೆ 15 ದಿನದ ನೋಟಿಸ್ ಸಾಕು. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯವೇ ಕಾನೂನು ಮಾಡಿದಾಗಷ್ಟೇ ಜೀವ ಬರುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಈ ಊರಿಗೆ ಅಂಥ ಕಾನೂನು ಬೇಕೆಂದು ಕೇಳುವುದು ಬಾಡಿಗೆದಾರರ ಕೆಲಸ. ವೋಟು ಕೇಳಲು ಬರುವವರ ಮುಂದೆ ನಾವು ರಸ್ತೆ, ಚರಂಡಿ, ಖಬರಸ್ಥಾನದ ಗೋಡೆ ಕೇಳುತ್ತೇವೆ. ಬಾಡಿಗೆ ಕಾನೂನನ್ನು ಒಮ್ಮೆಯೂ ಕೇಳಿಲ್ಲ.

ಇರುವ ಕಾನೂನಿನಲ್ಲೂ ಹಿಡಿದುಕೊಳ್ಳಲು ಕೊಂಬೆಗಳಿವೆ. ನ್ಯಾಯಾಲಯದ ದಾರಿ ಬಿಟ್ಟು ಬೀಗ ಬದಲಿಸಿ, ಸಾಮಾನು ಎಸೆದು ನಿಮ್ಮನ್ನು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಕೇಳಬಹುದು. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಅದಕ್ಕೆ ಸಹಾಯವಾಣಿ 15100. ಹೊಸ ಮನೆಗೆ ಹೋಗುವವರು ಮಾಲೀಕನನ್ನು ಮುಖಾಮುಖಿ ಕಾಣದೆ, ಮೂಲ ಪತ್ರ ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ ತೆಗೆಸಿ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಅದು ಬಾಕಿ ಬಿದ್ದರೆ, ನಾಳೆ ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟುತ್ತದೆ. ಮೂಲ ಪತ್ರ ತೋರಿಸಲು ಮಾಲೀಕ ತಡವರಿಸಿದರೆ ಅದು ಬ್ಯಾಂಕಿನಲ್ಲಿರಬಹುದು. ಮಧ್ಯೆ ಕಂಪನಿ ಇದ್ದರೆ, ಲೀಸ್ ಮೊತ್ತಕ್ಕೆ ತಾನೂ ಹೊಣೆ ಎಂದು ಮಾಲೀಕನೇ ಕರಾರಿಗೆ ಸಹಿ ಹಾಕಬೇಕು. ಇಲ್ಲವಾದರೆ ನೀವು ಹಣ ಕೇಳಲು ಉಳಿಯುವುದು ಕಂಪನಿಯ ಖಾಲಿ ಕಚೇರಿಯೊಂದೇ. ಹನ್ನೊಂದು ತಿಂಗಳ ಕರಾರು ಎಂದು ಬರೆಯುವುದು ನೋಂದಣಿ ತಪ್ಪಿಸಲು, ಒಂದು ವರ್ಷ ಮೀರಿದ ಲೀಸ್ ನೋಂದಣಿಯಾಗಲೇಬೇಕು. ಖರ್ಚಾಗುತ್ತದೆ ನಿಜ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇಡಿ ಎಂದು ಆಜ್ಞಾಪಿಸುವ ಅಲ್‌ಬಕರಃದ 282ನೆಯ ಸೂಕ್ತವೇ ಇಡೀ ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಎಂಬುದನ್ನು ನಾವು ಮಕ್ಕಳಿಗೆ ರಸಪ್ರಶ್ನೆಯಾಗಿ ಕೇಳುತ್ತೇವೆ. ನಾವು ಸಹಿ ಹಾಕುವಾಗ ಮರೆಯುತ್ತೇವೆ.

ಕಾಗದದ ಮಾತು ಬಂದಾಗ ಕೋಗಿಲು ಬಡಾವಣೆ ನೆನಪಾಗದಿರದು. 2025ರ ಡಿಸೆಂಬರ್ 20ರ ಬೆಳಗಿನ ಚಳಿಯಲ್ಲಿ ಯಲಹಂಕದ ಆ ಬಡಾವಣೆಯ ಫಕೀರ್ ಕಾಲೋನಿ, ವಸೀಂ ಲೇಔಟ್‌ಗಳಲ್ಲಿ ಬಡವರ ಮನೆಗಳ ಮೇಲೆ ಜೆಸಿಬಿ ಹರಿಯಿತು. ಅದು ಸರ್ಕಾರಿ ಜಾಗದ ಪ್ರಶ್ನೆ, ಲೀಸ್‌ನದು ಬೇರೆ ಪ್ರಶ್ನೆ. ಆದರೂ ಬೀದಿಗೆ ಬಿದ್ದವರನ್ನು ಕೇಳಿದ ಮೊದಲ ಮಾತು ಒಂದೇ: ನಿಮ್ಮ ಬಳಿ ಯಾವ ಕಾಗದ ಇದೆ?

ಸಹೋದರಿಯರಿಗೆ ಒಂದು ವಿಶೇಷ ಮಾತು. ಲೀಸ್ ಹಣದಲ್ಲಿ ಎಷ್ಟೋ ಸಲ ನಿಮ್ಮ ಮಹ್ರ್‌ನ ಚಿನ್ನ ಕರಗಿರುತ್ತದೆ. ಕರಾರಿನಲ್ಲಿ ಮಾತ್ರ ಗಂಡನ ಹೆಸರೊಂದೇ. ಮಹ್ರ್ ಹೆಣ್ಣಿನ ಸ್ವಂತ ಸೊತ್ತು ಎಂಬುದು ಅನ್ನಿಸಾ ಅಧ್ಯಾಯದ ಆರಂಭದಲ್ಲೇ ಇದೆ. ಆ ಚಿನ್ನದಿಂದ ಮನೆ ಹಿಡಿಯುವುದಾದರೆ ಕರಾರಿನಲ್ಲಿ ಅವಳ ಹೆಸರೂ ಇರಲಿ. ನಾಳೆ ದೂರು ಕೊಡುವಾಗಲೂ ಅದು ಬಲವಾಗುತ್ತದೆ. ಬಾಡಿಗೆದಾರರು ಒಟ್ಟಾಗಿ ಗೆದ್ದ ಕಥೆಗಳನ್ನು ಹುಡುಕಿದರೆ ಮುಂದೆ ಹೆಂಗಸರೇ ಕಾಣುತ್ತಾರೆ. ಮೊದಲ ಮಹಾಯುದ್ಧದ ಕಾಲ, 1915ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ ಮನೆ ಮಾಲೀಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಎಂಬ ಗೃಹಿಣಿಯ ಮುಂದಾಳತ್ವದಲ್ಲಿ ಹೆಂಗಸರು ಏರಿಸಿದ ಬಾಡಿಗೆ ಕೊಡಲು ನಿರಾಕರಿಸಿದರು. ಮನೆ ಖಾಲಿ ಮಾಡಿಸಲು ಅಮೀನರು ಬಂದಾಗ ಗಂಟೆ ಬಾರಿಸಿ ಓಣಿಗೆ ಓಣಿಯೇ ಸೇರುತ್ತಿತ್ತು. ಆ ವರ್ಷದ ನವೆಂಬರ್‌ನಲ್ಲಿ ಸಾವಿರಾರು ಜನ ನ್ಯಾಯಾಲಯದ ಮುಂದೆ ನಿಂತರು. ಮುಂದಿನ ತಿಂಗಳೇ ಬ್ರಿಟಿಷ್ ಸರ್ಕಾರ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೆ ಕಟ್ಟಿಹಾಕುವ ಕಾಯ್ದೆ ತಂದಿತು. ನಾವು ಬಾಡಿಗೆ ಕೊಡುವುದನ್ನು ನಿಲ್ಲಿಸಿ ಎನ್ನುತ್ತಿಲ್ಲ, ಕರಾರು ಪಾಲಿಸುವುದು ಮೂಮಿನ್‌ನ ಗುಣ. ಗಂಟೆ ಬಾರಿಸಿದರೆ ಓಣಿ ಸೇರುವಂತಿರಬೇಕು ಎನ್ನುತ್ತಿದ್ದೇವೆ.

ಇನ್ನು ಮುಂದಿನ ಸಫ್‌ನಲ್ಲಿ ಕುಳಿತಿರುವ ಮನೆ ಮಾಲೀಕರಿಗೆ. ಕಂಪನಿಗಳನ್ನು ಬೈಯುವುದು ಸುಲಭ. ಬಾಡಿಗೆದಾರ ಮನೆ ಬಿಟ್ಟ ಮೇಲೆ ಅವನ ಅಡ್ವಾನ್ಸ್ ಎಷ್ಟು ದಿನಕ್ಕೆ ವಾಪಸ್ ಕೊಡುತ್ತೀರಿ? ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಆ ಗೋಡೆಗೆ ನಿಜವಾಗಿ ಬಣ್ಣ ಹಚ್ಚಿಸುತ್ತೀರಾ? ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬ ಅನ್ನಿಸಾ 58ನೆಯ ಸೂಕ್ತದ ಆಜ್ಞೆ ಅಡ್ವಾನ್ಸ್‌ಗೂ ಅನ್ವಯಿಸುತ್ತದೆ. ಕೈಯಲ್ಲಿ ಹಣವಿದ್ದೂ ಬಾಕಿ ತೀರಿಸಲು ಸತಾಯಿಸುವುದು ಅಕ್ರಮವೆಂದು ಪ್ರವಾದಿ(ಸ) ಎಚ್ಚರಿಸಿದ್ದನ್ನು ಬುಖಾರಿ, ಮುಸ್ಲಿಮ್ ಎರಡೂ ದಾಖಲಿಸಿವೆ. ಮದೀನಾದಲ್ಲಿ ಮಸೀದಿ ಕಟ್ಟಲು ಆರಿಸಿದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಹುಡುಗರದು. ಅವರು ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿವರ್ಯರು(ಸ) ಬೆಲೆ ಕೊಟ್ಟೇ ಪಡೆದರು. ಮಸೀದಿಯ ಅಂಗಡಿಗಳನ್ನೂ ಕೋಣೆಗಳನ್ನೂ ಬಾಡಿಗೆಗೆ ಕೊಡುವ ನಮ್ಮ ಕಮಿಟಿಗಳು ಈ ಘಟನೆಯನ್ನು ಆಗಾಗ ಓದಿಕೊಳ್ಳುವುದು ಒಳ್ಳೆಯದು. ಅನ್ಯಧರ್ಮೀಯ ಬಾಡಿಗೆದಾರ ಬಂದಾಗ 'ನಮ್ಮವರಿಗೆ ಮಾತ್ರ' ಎನ್ನುವ ಮಾಲೀಕರು ನಮ್ಮಲ್ಲೂ ಇದ್ದಾರೆ. ನಮಗೆ ನೋವಾಗುವ ಮಾತನ್ನೇ ನಾವು ಇನ್ನೊಬ್ಬರಿಗೆ ಹೇಳುವುದು ಹೇಗೆ?

ಅನ್ಯಾಯವಾಗಿ ಮನೆ ಕಳೆದುಕೊಂಡವರಿಗೆ ಅಲ್ಲಾಹನು ಆಸರೆ ಕೊಡಲಿ. ಜನರ ಹಣ ನುಂಗಿದವರಿಂದ ಅದನ್ನು ವಾಪಸ್ ಕೊಡಿಸಲಿ. ಮಾಲೀಕ ಮತ್ತು ಬಾಡಿಗೆದಾರರ ಮನಸ್ಸುಗಳನ್ನು ಬೆಸೆಯಲಿ. ಆಮೀನ್.

ಕಮಿಟಿಯ ತೀರ್ಮಾನದಂತೆ ಪ್ರತಿ ತಿಂಗಳ ಮೊದಲ ಭಾನುವಾರ ಅಸ್ರ್ ನಮಾಝ್‌ನ ಬಳಿಕ, ವಕೀಲರಾಗಿರುವ ನಮ್ಮ ಜಮಾಅತ್‌ನ ಇಬ್ಬರು ಸಹೋದರರು ಲೀಸ್ ಮತ್ತು ಬಾಡಿಗೆ ಕರಾರುಗಳನ್ನು ನೋಡಿಕೊಡುತ್ತಾರೆ. ಸಹಿ ಹಾಕುವ ಮುಂಚೆಯೂ ತರಬಹುದು, ಮೋಸವಾದ ಮೇಲೂ ತರಬಹುದು. ಕರಾರಿನ ಜೆರಾಕ್ಸ್, ಹಣ ಹಾಕಿದ ಬ್ಯಾಂಕ್ ದಾಖಲೆ, ಕಂಪನಿಯವರು ಕಳಿಸಿದ ಮೆಸೇಜ್‌ಗಳ ಪ್ರತಿ ತನ್ನಿ. ಮಸೀದಿಯೊಳಗೆ ಬರಲು ಹಿಂಜರಿಯುವ ನೆರೆಹೊರೆಯವರಿಗಾಗಿ ಗೇಟಿನ ಪಕ್ಕ ಶಾಮಿಯಾನ ಹಾಕಿ ಕುರ್ಚಿ ಇಡಲಾಗುತ್ತದೆ, ಅವರನ್ನು ಜೊತೆಗೇ ಕರೆತನ್ನಿ. ಒಂದೇ ಕಂಪನಿಗೆ ಹಣ ಕೊಟ್ಟವರ ಪಟ್ಟಿಯನ್ನು ಅಲ್ಲಿಯೇ ಬರೆಯಲಾಗುವುದು. ಬಾಡಿಗೆ ನಿಂತುಹೋದ ಮನೆ ಮಾಲೀಕರೂ ಕಂಪನಿಯ ಜೊತೆ ಮಾಡಿಕೊಂಡ ಕರಾರು ಹಿಡಿದು ಬರಬೇಕು. ಅವರ ಹೆಸರಿಗೆ ಅದೇ ಹಾಳೆಯಲ್ಲಿ ಒಂದು ಸಾಲು ಬಿಟ್ಟಿರುತ್ತೇವೆ.